ಗ್ಯುಮ್ರಿಗೆ ಹೊರಟಿದ್ದ ಹಿಟ್ಟು

“ಪಕ್ಕಕ್ಕೆ ಸರೀರಿ.”

“ಸರಿಯೋದಿಲ್ಲ.”

ಖಾಶುರಿಯ ಗೂಡ್ಸ್ ನಿಲ್ದಾಣದಲ್ಲಿ ವ್ಯಾಗನ್ನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಆ ಗಂಡಸನ್ನು ಇರ್ಮಾ ನುಂಗುವಂತೆ ನೋಡಿದಳು. ಅವಳ ಬೆನ್ನ ಹಿಂದೆ ಪಕ್ಕದ ಊರು ಸುರಾಮಿಯ ಏಳೆಂಟು ಹೆಂಗಸರು ಖಾಲಿ ಚೀಲ ಹಿಡಿದು ನಿಂತಿದ್ದರು.

ಅದು ಎರಡು ಸಾವಿರದ ಎಂಟರ ಆಗಸ್ಟ್. ಜಾರ್ಜಿಯಕ್ಕೂ ರಷ್ಯಕ್ಕೂ ಯುದ್ಧ ಶುರುವಾಗಿತ್ತು. ಗೋರಿ ಪಟ್ಟಣದ ಕಡೆಯ ಹಳ್ಳಿಗಳಿಂದ ಉಟ್ಟ ಬಟ್ಟೆಯಲ್ಲೇ ಓಡಿಬಂದವರು ಸುರಾಮಿಯ ಶಾಲೆಯಲ್ಲಿ ತುಂಬಿಕೊಂಡಿದ್ದರು. ಹೆದ್ದಾರಿಯ ಬದಿಯಲ್ಲಿ ನಾಜುಕಿ ಎಂಬ ಸಿಹಿರೊಟ್ಟಿ ಸುಟ್ಟು ಮಾರುವ ಇರ್ಮಾಳಂಥವರು ಮನೆಯಲ್ಲಿದ್ದ ಹಿಟ್ಟನ್ನೆಲ್ಲ ಅವರಿಗಾಗಿ ಬೇಯಿಸಿ ಮುಗಿಸಿದ್ದರು. ಕಾಸ್ಪಿ ಬಳಿ ರೈಲು ಸೇತುವೆ ಸ್ಫೋಟದಲ್ಲಿ ಕುಸಿದುಬಿದ್ದ ಮೇಲೆ, ನೆರೆಯ ಅರ್ಮೇನಿಯಕ್ಕೆ ಹೊರಟಿದ್ದ ಹಿಟ್ಟಿನ ವ್ಯಾಗನ್ನುಗಳು ಖಾಶುರಿಯಲ್ಲಿ ನಿಂತುಬಿಟ್ಟಿವೆ ಎಂಬ ಸುದ್ದಿ ಬಂದಿತ್ತು.

“ಶಾಲೇಲಿ ಮಕ್ಕಳು ಹಸಿದಿವೆ. ನಿಮ್ಮ ಹಿಂದೆ ಮೂಟೆಗಟ್ಟಲೆ ಹಿಟ್ಟಿದೆ,” ಎಂದಳು ಇರ್ಮಾ.

“ಇದು ನನ್ನದಲ್ಲ. ನಮ್ಮೂರು ಗ್ಯುಮ್ರಿಯ ವ್ಯಾಪಾರಿಯದು, ನಾನು ಕಾವಲಿನವನು. ನಮ್ಮೂರಲ್ಲೂ ಬೇಕರಿ ಮುಂದೆ ಸಾಲು ನಿಂತಿದೆ. ನಿಮ್ಮ ಸೇತುವೆ ಮುರಿದರೆ ಆರೋದು ನಮ್ಮ ಒಲೆ. ನಮಗಿರೋ ದಾರಿ ಇದೊಂದೇ ತಾನೆ?”

ಗ್ಯುಮ್ರಿ ಎಂಬ ಹೆಸರು ಕೇಳಿದ್ದೇ ತಡ, ಇರ್ಮಾಳ ಮೈ ಉರಿಯಿತು.

“ರಷ್ಯನ್ನರ ಸೇನೆ ಇರೋ ಊರು. ಬಾಂಬು ಹಾಕಿದ ವಿಮಾನಗಳು ನಿಮ್ಮೂರಿಂದಲೇ ಎದ್ದವಂತೆ. ನನ್ನ ತಮ್ಮ ಯುದ್ಧದಲ್ಲಿ ಹೋರಾಡ್ತಿದ್ದಾನೆ. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ…”

ಆತ ತಲೆಯಲ್ಲಾಡಿಸಿದ.

“ಹಾಗೆ ಒಂದೂ ಎದ್ದಿಲ್ಲ. ಆದರೆ ನಾನು ಹೇಳಿದರೆ ನೀವು ನಂಬೋದಿಲ್ಲ.”

“ನಂಬೋದಿಲ್ಲ.”

ಇಬ್ಬರಿಗೂ ಬರುತ್ತಿದ್ದದ್ದು ರಷ್ಯನ್ ಭಾಷೆಯೊಂದೇ. ಆ ದಿನಗಳಲ್ಲಿ ಅದನ್ನಾಡಲು ಅವಳ ನಾಲಿಗೆ ಕಹಿಯಾಗುತ್ತಿತ್ತು. ಬರಿಗೈಯಲ್ಲಿ ಹಿಂತಿರುಗುವಾಗ ಅವಳ ಕಣ್ಣು ತುಂಬಿತ್ತು.

ಮಾರನೆಯ ಬೆಳಿಗ್ಗೆ ಮನೆಯ ಮುಂದೆ ತಳ್ಳುಗಾಡಿಯ ಸದ್ದಾಯಿತು. ಇರ್ಮಾ ಹೊರಗೆ ಬಂದು ನೋಡಿದರೆ ಅವನೇ. ಗಾಡಿಯ ತುಂಬ ಹಿಟ್ಟಿನ ಮೂಟೆ. ಖಾಶುರಿಯಿಂದ ಮನೆ ವಿಚಾರಿಸಿಕೊಂಡು ದಾರಿಯುದ್ದಕ್ಕೂ ತಳ್ಳಿಕೊಂಡು ಬಂದವನ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

“ಯಜಮಾನರು ಒಪ್ಪಿದರಾ?”

“ಇಲ್ಲ. ಇಲಿ ತಿಂತು ಅಂತ ಹೇಳ್ತೀನಿ.”

“ಇಷ್ಟು ಮೂಟೆ ತಿನ್ನೋ ಇಲಿ ಯಾವೂರದು?”

“ಗ್ಯುಮ್ರಿದು. ನಮ್ಮಲ್ಲಿ ಬೇರೇನೂ ಬೆಳೆಯದಿದ್ರೂ ಇಲಿ ಚೆನ್ನಾಗಿ ಬೆಳೀತವೆ.”

ವಾರದಿಂದ ನಗುವನ್ನೇ ಮರೆತಿದ್ದ ಇರ್ಮಾ ಬಾಯಿಗೆ ಅಂಗೈ ಒತ್ತಿಕೊಂಡಳು. ಆದರೂ ನಗು ತಪ್ಪಿಸಿಕೊಂಡು ಹೊರಬಂತು.

ಅವನ ಹೆಸರು ಸಾಸುನ್. ನಿಲ್ದಾಣದವನೊಬ್ಬನನ್ನು ಕಾವಲಿಗೆ ಬಿಟ್ಟು ದಿನಾ ಬರತೊಡಗಿದ. ಸೌದೆ ಸೀಳಿದ. ಬಾವಿಯಂಥ ಮಣ್ಣಿನ ಒಲೆಯೊಳಗೆ ಬಗ್ಗಿ ರೊಟ್ಟಿ ಅಂಟಿಸಲು ಹೋಗಿ ಹುಬ್ಬು ಸುಟ್ಟುಕೊಂಡ. ಇರ್ಮಾಳ ತಾಯಿ ತ್ಸಿಯಾಲಾ, “ಅಯ್ಯೋ ನಿನ್ನ, ರೊಟ್ಟಿ ಬೇಯಿಸಪ್ಪ ಅಂದರೆ ಮುಖ ಬೇಯಿಸ್ಕೊಂಡೆಯಲ್ಲ,” ಎಂದು ಬೆಣ್ಣೆ ಸವರಿದಳು.

ಒಮ್ಮೆ, ಶಾಲೆಗೆ ರೊಟ್ಟಿ ಹೊತ್ತು ಹೋಗುವಾಗ ಇರ್ಮಾ ಕೇಳಿಯೇಬಿಟ್ಟಳು.

“ನಾನು ಅಷ್ಟೊಂದು ಬೈದೆ. ಆಮೇಲೂ ಹಿಟ್ಟು ಯಾಕೆ ತಂದುಕೊಟ್ಟೆ?”

“ನಮ್ಮೂರಲ್ಲಿ ಭೂಕಂಪ ಆದಾಗ ನಾನು ಚಿಕ್ಕವನು. ಅಪ್ಪ ಕಲ್ಲಿನಡಿ ಹೋದ. ಹಿಮದಲ್ಲಿ ಕೂತಿದ್ವಿ, ನಾನೂ ಅಮ್ಮನೂ. ಒಂದು ಲಾರಿ ಬಂತು. ಅದರಲ್ಲಿ ಬಿಸಿ ರೊಟ್ಟಿ ಇತ್ತು. ಜಾರ್ಜಿಯದ ಲಾರಿ,” ಎಂದು ಅವನು ಬುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. “ಅವತ್ತು ನಾವು ಯಾರು ಅಂತ ಅವರು ಕೇಳಲಿಲ್ಲ.”

*ಇವನು ಹೋಗೋ ದಿನ ಬಂದರೆ ನಾನೇನು ಮಾಡಲಿ?* ಎಂದು ಇರ್ಮಾಳ ಮನಸ್ಸು ಕೇಳಿತು. ಕೇಳಿದ್ದಕ್ಕೆ ಅವಳಿಗೇ ಗಾಬರಿಯಾಯಿತು.

ಅಷ್ಟರಲ್ಲಿ ತಮ್ಮ ಗೆಲಾ ಮನೆಗೆ ಬಂದ. ಬದುಕಿ ಬಂದ. ಬಲಗೈಗೆ ಪಟ್ಟಿ, ಕಣ್ಣಲ್ಲಿ ನಿದ್ದೆಯಿಲ್ಲದ ಕೆಂಪು. ತಾಯಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟಳು. ಆಗಲೇ ಒಲೆಯ ಬಳಿ ನಿಂತಿದ್ದ ಸಾಸುನ್ ಅವನ ಕಣ್ಣಿಗೆ ಬಿದ್ದ.

“ಇವನ್ಯಾರು?”

“ಗ್ಯುಮ್ರಿಯವನು…” ಎಂದಳು ತಾಯಿ.

ಗೆಲಾ ಎದ್ದು ನಿಂತ. ಬೇಕೆಂದೇ ರಷ್ಯನ್ನಿನಲ್ಲಿ ಮಾತಾಡಿದ.

“ನನ್ನ ಪಕ್ಕದಲ್ಲಿದ್ದ ಹುಡುಗ ಸತ್ತ. ಕೊಂದವರಿಗೆ ಮನೆ ಕೊಟ್ಟಿರೋರು ನೀವು. ನಮ್ಮ ದಾರೀಲಿ ಉಣ್ತೀರಿ, ಅವರ ನೆರಳಲ್ಲಿ ಮಲಗ್ತೀರಿ. ನಮ್ಮ ಒಲೆ ಹತ್ರ ನಿನಗೇನು ಕೆಲಸ?”

ಸಾಸುನ್ ಇರ್ಮಾಳತ್ತ ನೋಡಿದ. ಒಂದು ಮಾತು… ಅವಳು ಒಂದೇ ಒಂದು ಮಾತಾಡಿದ್ದರೆ ಸಾಕಿತ್ತು.

ಇರ್ಮಾ ತಲೆ ತಗ್ಗಿಸಿ ಹಿಟ್ಟು ನಾದತೊಡಗಿದಳು. ಸಾವಿನ ಬಾಯಿಂದ ಬಂದ ತಮ್ಮನಿಗೆ ಎದುರಾಡುವುದು ಹೇಗೆ? ನಾಳೆ ಸಾಸುನ್‌ಗೆ ತಿಳಿಸಿ ಹೇಳಿದರಾಯಿತು ಎಂದುಕೊಂಡಳು.

ಆ ನಾಳೆಯೇ ಬರಲಿಲ್ಲ. ಕಾಸ್ಪಿ ಸೇತುವೆಯ ಪಕ್ಕದ ಹಳೆಯ ರೈಲುದಾರಿ ತೆರೆದು ರೈಲುಗಳು ಹೊರಟಿದ್ದವು. ಅವಳು ಓಡೋಡಿ ನಿಲ್ದಾಣ ಮುಟ್ಟಿದಾಗ ವ್ಯಾಗನ್ನುಗಳು ನಿಂತಿದ್ದ ಜಾಗದಲ್ಲಿ ಚೆಲ್ಲಿದ ಹಿಟ್ಟನ್ನು ಗುಬ್ಬಚ್ಚಿಗಳು ಹೆಕ್ಕುತ್ತಿದ್ದವು.

*ಹೇಳದೆ ಹೋದ. ಹೇಳೋವಷ್ಟೂ ನಾನು ಅವನಿಗೆ ಏನೂ ಅಲ್ಲವಾ?*

ಚಳಿಗಾಲ ಬಂತು. ಸುರಾಮಿಯ ಮೇಲೆ ಹಿಮ ಸುರಿಯಿತು. ಒಲೆಯ ಮುಂದೆ ಕೂತಾಗಲೆಲ್ಲ ಅವಳಿಗೆ ಅವನ ಸುಟ್ಟ ಹುಬ್ಬು ನೆನಪಾಗುತ್ತಿತ್ತು. ಅದು ಮತ್ತೆ ಬೆಳೆಯಿತೋ ಇಲ್ಲವೋ? ಯಾರನ್ನು ಕೇಳುವುದು?

ಬೇಸಿಗೆಯಲ್ಲಿ ಕಪ್ಪು ಸಮುದ್ರಕ್ಕೆ ಹೋಗುವ ಅರ್ಮೇನಿಯದ ಕಾರುಗಳು ಮತ್ತೆ ಆ ಹೆದ್ದಾರಿಗೆ ಬಂದವು. ಅವರ ನಂಬರ್ ಪ್ಲೇಟ್ ದೂರದಲ್ಲಿ ಕಂಡರೆ ಸಾಕು, ಇರ್ಮಾ ರಸ್ತೆಗೇ ಇಳಿದು ಕೈ ಬೀಸುತ್ತಿದ್ದಳು. ನಾಜುಕಿ ಕಟ್ಟಿಕೊಡುತ್ತಾ ಒಂದೇ ಪ್ರಶ್ನೆ: “ಗ್ಯುಮ್ರಿಯಿಂದಲಾ?”

“ಇವಳಿಗೆ ರೊಟ್ಟಿ ಮಾರೋದು ಬೇಕಿಲ್ಲ ಕಣ್ರೀ, ಊರು ಕೇಳೋದು ಬೇಕು,” ಎಂದು ಪಕ್ಕದ ಒಲೆಯ ಹೆಂಗಸರು ಚುಚ್ಚುತ್ತಿದ್ದರು.

ಬಹಳ ಮಂದಿ ಯೆರೆವಾನಿನವರು. ಕೊನೆಗೊಂದು ದಿನ, ಹಳೆಯ ಕಾರಿನಲ್ಲಿ ಗಂಡ ಮಕ್ಕಳ ಜೊತೆ ಬಂದ ಹೆಂಗಸೊಬ್ಬಳು ಹೌದೆಂದಳು.

“ಸಾಸುನ್ ಅಂತ… ಹಿಟ್ಟಿನ ವ್ಯಾಗನ್ ಕಾಯ್ತಿದ್ದವನು. ಗೊತ್ತಾ?”

“ಓ, ನಮ್ಮ ಇಲಿ ಸಾಸುನ್‌ನಾ?” ಎಂದು ನಕ್ಕಳು ಆ ಹೆಂಗಸು. ಇರ್ಮಾಳ ಮುಖ ನೋಡಿ ನಗು ನಿಲ್ಲಿಸಿದಳು. “ಪಾಪ ಕಣಮ್ಮ. ಹಿಟ್ಟು ಕೊಟ್ಟದ್ದಕ್ಕೆ ಕೆಲಸದಿಂದ ತೆಗೆದರು. ನಾವು ಸಾಲಲ್ಲಿ ನಿಂತಿದ್ದಾಗ ಪರರಿಗೆ ಹಂಚಿ ಬಂದ ಅಂತ ಊರೂ ಬೈತು. ಯಾರಿಗೆ ಕೊಟ್ಟೆ ಅಂತ ಕೇಳಿದ್ರೆ ಬಾಯಿ ಬಿಡಲಿಲ್ಲ. ಈಗ ಕಲ್ಲು ಕೆಲಸ ಮಾಡ್ತಾನೆ.”

ಕಾರು ಹೊರಟುಹೋಯಿತು. ಇರ್ಮಾ ರಸ್ತೆಯ ಬದಿಯಲ್ಲೇ ಕುಕ್ಕರಿಸಿದಳು.

ಮನೆಯಲ್ಲಿ ಅವಳು ಅಳಲಿಲ್ಲ, ಬಟ್ಟೆ ಕಟ್ಟಿದಳು. ಗೆಲಾ ಬಾಗಿಲಲ್ಲಿ ನಿಂತ.

“ಎಲ್ಲಿಗಕ್ಕಾ?”

“ಗ್ಯುಮ್ರಿಗೆ. ತಡೀಬೇಡ.”

ತಾಯಿ ನಡುವೆ ಬಾಯಿ ಹಾಕಿದಳು. “ನೀನು ಜೀವ ಹಿಡ್ಕೊಂಡು ಬಂದ ದಿನ ತಿಂದೆಯಲ್ಲ ಮಗನೇ ರೊಟ್ಟಿ, ಅದು ಅವನ ಹಿಟ್ಟು. ನೀನು ಬೈತಾ ಇರೋವಾಗ ಇನ್ನೂ ನಿನ್ನ ಬಾಯಲ್ಲೇ ಇತ್ತು.”

ಗೆಲಾ ಮೊಳೆಯಲ್ಲಿ ನೇತುಹಾಕಿದ್ದ ಕಾರಿನ ಕೀಲಿ ತೆಗೆದುಕೊಂಡ.

“ಕ್ಷಮೆ ಕೇಳೋದು ನಂಗೆ ಬರಲ್ಲ. ಕಾರ್ ಓಡಿಸೋದು ಬರುತ್ತೆ. ನಡಿ.”

ಬೋರ್ಜೋಮಿ ದಾಟಿ, ಅಖಲ್‌ಕಲಾಕಿಯ ಬೋಳು ಬಯಲು ದಾಟಿ, ಗಡಿ ದಾಟಿ ಅವರು ಗ್ಯುಮ್ರಿ ಸೇರಿದಾಗ ಮಧ್ಯಾಹ್ನವಾಗಿತ್ತು. ವಿಚಾರಿಸಿಕೊಂಡು ಹೋದರೆ, ಭೂಕಂಪದ ನಂತರ ತಂದಿಟ್ಟ ತಗಡಿನ ಮನೆಗಳ ಸಾಲು. ಒಂದು ಮನೆಯ ಪಕ್ಕದಲ್ಲೇ ಕಪ್ಪು ಕಲ್ಲಿನ ಹೊಸ ಗೋಡೆ ಎದೆಯೆತ್ತರ ಎದ್ದಿತ್ತು. ಗೋಡೆಯ ಮೇಲೆ ಬಗ್ಗಿದ್ದವನು ತಲೆಯೆತ್ತಿದ.

ಹುಬ್ಬು ಬೆಳೆದಿತ್ತು. ಮುಖ ಮಾತ್ರ ಸೊರಗಿತ್ತು.

ಗೆಲಾ ಕಾರಿನಿಂದಿಳಿದು ನೇರ ಅವನ ಬಳಿ ಹೋದ. ಗಾಯದ ಕಲೆಯಿದ್ದ ಕೈ ಚಾಚಿದ. ಸಾಸುನ್ ಗಾರೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿ ಅದನ್ನು ಹಿಡಿದುಕೊಂಡ. ಗೆಲಾ ತಲೆಯಾಡಿಸಿ, ಸಿಗರೇಟು ಹಚ್ಚುತ್ತಾ ಕಾರಿನ ಹಿಂದಕ್ಕೆ ಸರಿದ.

ಇರ್ಮಾ ಸಾಸುನ್ ಎದುರು ಒಬ್ಬಳೇ ಉಳಿದಳು.

“ಅವತ್ತು ನಾನು ಹಿಟ್ಟು ನಾದ್ತಾ ನಿಂತೆ. ಮಾತಾಡಬೇಕಿತ್ತು. ಇಷ್ಟು ದಿನ ದಿನಾ ಅದೇ… ಅದನ್ನೇ ಕಾಣ್ತಿದ್ದೀನಿ ಸಾಸುನ್.”

“ನಿನ್ನ ತಮ್ಮ ಬದುಕಿ ಬಂದಿದ್ದ. ನಾನಾಗಿದ್ರೂ ಸುಮ್ನಿರ್ತಿದ್ದೆ,” ಎಂದ ಅವನು. “ಆದರೆ ನಿನ್ನ ಮನಸ್ಸಲ್ಲೂ ಅದೇ ಇದೆ ಅಂದ್ಕೊಂಡೆ.”

“ಹೇಳಿಯಾದ್ರೂ ಹೋಗಬಾರದಿತ್ತಾ?”

“ಹೇಳೋಕೆ ಬಂದಿದ್ರೆ ರೈಲು ಹತ್ತೋಕೆ ಆಗ್ತಿರಲಿಲ್ಲ.”

ಇಷ್ಟು ಸಾಕಿತ್ತು ಅವಳಿಗೆ. ಒಂದು ಚಳಿಗಾಲವಿಡೀ ಹಿಡಿದಿಟ್ಟಿದ್ದ ಅಳು ಆಗ ಬಂತು. ಅವನು ಗಾರೆಯ ಕೈ ಎತ್ತಿ, ಮುಟ್ಟಲೋ ಬೇಡವೋ ಎಂದು ಗಾಳಿಯಲ್ಲೇ ನಿಲ್ಲಿಸಿದ. ಅವಳೇ ಆ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು.

ತಗಡಿನ ಮನೆಯ ಬಾಗಿಲು ತೆರೆಯಿತು. ವಯಸ್ಸಾದ ಹೆಂಗಸು ಹೊಸ್ತಿಲಲ್ಲಿ ನಿಂತು ಅರ್ಮೇನಿಯನ್ನಿನಲ್ಲಿ ಏನೋ ಕೇಳಿದಳು.

“ಅಮ್ಮನಾ? ಏನಂತಾರೆ?” ಇರ್ಮಾ ಮೆಲ್ಲಗೆ ಕೇಳಿದಳು.

“ಯಾರೋ ಇವಳು ಅಂತಾರೆ.”

“ಏನು ಹೇಳ್ತೀಯ?”

“ಅದೇ ಯೋಚನೆ ಮಾಡ್ತಿದ್ದೀನಿ. ಏನು ಹೇಳಲಿ?”

ಇರ್ಮಾ ಕಣ್ಣೊರೆಸಿಕೊಂಡಳು.

“ಸೊಸೆ ಅಂತ ಹೇಳು.”

ಸಾಸುನ್ ತಾಯಿಯತ್ತ ತಿರುಗಿ ಒಂದೇ ಪದ ಹೇಳಿದ. ಆ ತಾಯಿ ಇರ್ಮಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮೆಟ್ಟಿಲಿಳಿದು ಬಂದು ಅವಳ ಮುಂಗೈ ಹಿಡಿದು, ಮಗನಿಗೆ ಗದರಿದಳು.

“ಈಗೇನಂದರು?”

“ಮತ್ತೆ ಬಿಸಿಲಲ್ಲಿ ಯಾಕೋ ನಿಲ್ಲಿಸಿದ್ದೀಯ, ಒಳಗೆ ಕರ್ಕೊಂಡು ಬಾ ಅಂದರು.”