ಮೇಷ್ಟ್ರ ಮನೆಯ ವೈರಸ್

ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ತಮ್ಮ ಹೆಂಡತಿ ತೀರಿಕೊಂಡ ತಿಂಗಳಿಗೆ ಮೇಷ್ಟ್ರೊಬ್ಬರು ನನ್ನನ್ನು ಕರೆಸಿದರು. ಆಕೆಯ ಫೈಲೊಂದು ಎಷ್ಟು ಅಳಿಸಿದರೂ ಮರಳುತ್ತಿತ್ತಂತೆ.

“ವೈರಸ್ಸೇ ಇರ್ಬೇಕು ಕಣಮ್ಮಾ. ಅವಳಿಗೆಲ್ಲಿ ನೆಟ್ಟಗೆ ಎರಡಕ್ಷರ ಬರೆಯೋಕೆ ಬರ್ತಿತ್ತು?” ಎಂದು ನಕ್ಕರು. ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡಮನುಷ್ಯರ ಈ ಹೊಲಸು ನಗು ನನಗೆ ಹೊಸದಲ್ಲ.

ಸ್ಕ್ಯಾನ್ ಮಾಡಿದೆ, ವೈರಸ್ ಒಂದೂ ಇರಲಿಲ್ಲ. ಫೈಲಿನಲ್ಲಿದ್ದದ್ದು ಒಂದೇ ಸಾಲು: ‘ನನ್ನ ಮಾತರೆ ಎಲ್ಲಿ ಬಚಿಟ್ಟಿರಿ?’

“ಯಾವ ಮಾತ್ರೆ, ಸಾರ್?”

“ಹಾರ್ಟಿಂದು. ನಿಂಗ್ಯಾಕೆ ಅದೆಲ್ಲ? ಅಳ್ಸು.”

ಕೀಬೋರ್ಡೇ ಕೆಟ್ಟಿರಬಹುದೆಂದು ಅದರ ವೈರು ಕಿತ್ತಿಟ್ಟು, ಮೌಸಿನಿಂದ ಅಳಿಸಿದೆ. ಫೈಲು ಮರಳಿತು. ತೆರೆದೆ: ‘ನನ್ನ ಮಾತ್ರೆ ಎಲ್ಲಿ ಬಚ್ಚಿಟ್ಟಿರಿ?’

ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ. ಮೇಷ್ಟ್ರು ನಗಲಿಲ್ಲ. ಕಿತ್ತಿಟ್ಟ ಕೀಬೋರ್ಡನ್ನು ಮುಟ್ಟಿದೆ, ಕೀಲಿಗಳು ಬೆಚ್ಚಗಿದ್ದವು.