ಮಾರ್ಚ್ ತಿಂಗಳ ಸೊನ್ನೆ

"ನಾನು ಯಾವ ಮನೆಗೂ ಹೋಗೇ ಇಲ್ಲ ಅಂತ ಬರೆದವರು ನೀವೇನಾ?"

ಅವಳು ತಲೆಯೆತ್ತಿದಳು. ಎದುರಿಗೆ ಧೂಳು ಮೆತ್ತಿದ ಬೂಟು, ಬಿಸಿಲಿಗೆ ಕಪ್ಪಾದ ಮುಖ. ಬೆಟ್ಟದ ಮೇಲಿನ ಮನೆಗಳಲ್ಲಿ ಕುಡಿಯುವ ನೀರಿನ ಸಮೀಕ್ಷೆ ಮಾಡುವವನು. ಅವನು ಫೋನಿನಲ್ಲಿ ತುಂಬಿಸಿದ ಉತ್ತರಗಳನ್ನು ಸರ್ವರ್‌ನಿಂದ ತೆಗೆದು ತಿಂಗಳವಾರು ವರದಿ ಮಾಡುವವಳು ಇವಳು. ದಿನಾಂಕ ಹಾಕಿ ಮಾಹಿತಿ ಕತ್ತರಿಸುವುದೇ ಕೆಲಸವಾದ್ದರಿಂದ ಆಫೀಸಿನಲ್ಲಿ ಅವಳಿಗೆ 'ಕತ್ತರಿ' ಎಂದೇ ಹೆಸರು.

ಸರ್ವರ್‌ನಿಂದ ಮಾಹಿತಿ ತಂದುಕೊಡುವ ಎಪಿಐಗೆ ಮಾರ್ಚ್ ತಿಂಗಳದ್ದಷ್ಟೇ ಕೊಡು ಎಂದು ಕೇಳಿದ್ದಾಯಿತು, ನಿಮ್ಮ ಹೆಸರಿನಲ್ಲಿ ಒಂದು ಉತ್ತರವೂ ಬರಲಿಲ್ಲ ಎಂದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

"ಮಂಡಿ ನೋವಿನ ಅಜ್ಜಿಯೊಬ್ರು ಬಾವಿ ತನಕ ನಡ್ಕೊಂಡು ಬಂದು ತೋರಿಸಿದ್ರು. ಆ ಅಜ್ಜಿನೂ ಸುಳ್ಳಾ?"

ಉತ್ತರಕ್ಕೆ ಕಾಯದೆ ಹೊರಟುಹೋದ. ಇನ್ನು ಕೆಲಸಕ್ಕೆ ಬರಬೇಡ ಎಂದು ಅವನಿಗೆ ಮ್ಯಾನೇಜರ್ ಆಗಲೇ ಹೇಳಿಯಾಗಿತ್ತು.

ಅವಳು ಊಟಕ್ಕೂ ಏಳಲಿಲ್ಲ. ಸುಳ್ಳು ಅವನದೇ ಎಂದು ತೋರಿಸಲೆಂದೇ ದಿನಾಂಕದ ಮಿತಿ ತೆಗೆದು ಮತ್ತೆ ಕೇಳಿದಳು. ಬೆಟ್ಟದ ಮನೆಗಳೆಲ್ಲ ಸಾಲಾಗಿ ಬಂದವು... ಒಂದೊಂದಕ್ಕೂ ಎರಡು ದಿನಾಂಕ. ಅವನು ಪ್ರಶ್ನೆ ಕೇಳಿದ್ದು ಮಾರ್ಚ್‌ನಲ್ಲಿ. ಮೇಲೆ ನೆಟ್‌ವರ್ಕ್ ಇಲ್ಲ, ಹಾಗಾಗಿ ಅವನು ಕೆಳಗಿಳಿದ ಮೇಲೆ ಸರ್ವರ್‌ಗೆ ತಲುಪಿದ್ದು ಏಪ್ರಿಲ್‌ನಲ್ಲಿ. ತಲುಪಿದ ದಿನಾಂಕ ನೋಡಿ ಸೋಸಿದವಳು ಇವಳು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು.

'ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ...'

ಮರುದಿನ ಮೀಟಿಂಗಿನಲ್ಲಿ ಎಲ್ಲರೆದುರೂ ತಪ್ಪು ತನ್ನದೆಂದಳು. ಅವಳಿಗೆ ಬರಬೇಕಿದ್ದ ಬಡ್ತಿ ತಪ್ಪಿತು, ಅವನ ಕೆಲಸ ಉಳಿಯಿತು.

ಆಮೇಲೆ ಬೆಟ್ಟದಿಂದ ಇಳಿದಾಗಲೆಲ್ಲ ಅವನು ಅವಳ ಮೇಜಿನ ಬಳಿ ನಿಲ್ಲತೊಡಗಿದ. ಮೊದಮೊದಲು ಅಂಕಿಯ ಮಾತು, ಬರಬರುತ್ತ ಮನೆಯ ಮಾತು. ಅವನು ಬಾರದ ವಾರ ಅವಳು ಯಾರ ಮೇಲೆಂದರೆ ಅವರ ಮೇಲೆ ರೇಗುತ್ತಿದ್ದಳು. ಪ್ರೀತಿ ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಅವನನ್ನು ಬೆಟ್ಟದ ಕಚೇರಿಗೇ ವರ್ಗ ಮಾಡಿದರು. ಅವನು ಹೇಳದೆ ಹೊರಟ.

ವಿಷಯ ತಿಳಿದವಳು ನೇರ ಬಸ್ ನಿಲ್ದಾಣಕ್ಕೆ ಹೋಗಿ, ಅವನಿದ್ದ ಬಸ್ ಹತ್ತಿ, ಪಕ್ಕದ ಸೀಟಿನಲ್ಲಿದ್ದ ಅವನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಹೇಳದೇ ಹೊರಟುಬಿಟ್ರಾ?"

"ಅಲ್ಲಿ ಫೋನೂ ಸಿಗಲ್ಲ. ಅಂಥ ಕಡೆಗೆ ಬನ್ನಿ ಅಂತ ಯಾವ ಬಾಯಲ್ಲಿ ಕರೀಲಿ?"

"ನಮ್ಮಕ್ಕನಿಗೆ ನಿಮ್ಮ ವಿಷಯ ಹೇಳಿದ್ದೀನಿ."

"ಏನಂತ?"

"ಮದುವೆ ಅಂತಾದ್ರೆ ಇವರನ್ನೇ ಅಂತ. ಅವಳು ಒಪ್ಪಿದ್ಲು. ನಿಮ್ಮನ್ನ ಕೇಳೋದೊಂದು ಬಾಕಿ."

ಅವನು ಕಣ್ಣೊರೆಸಿಕೊಂಡು ಅವಳತ್ತ ತಿರುಗಿದ.

"ಹಾಗಾದ್ರೆ ಕೇಳಿ," ಎಂದ.