ಸಾಣೆಹಲಗೆಯ ಬರಿಮೈ

“ಈ ಮೈಗೆ ಮಾತ್ರ ಲೇಪ ಮುಟ್ಟಿಸ್ಬೇಡಪ್ಪಾ,” ಎಂದು ಕ್ಷೌರದಂಗಡಿಯ ಮುದುಕಿ ದೋನ್ಯಾ ಪ್ರಿಮಿತಿವಾ ಕತ್ತಿ ಮಸೆಯುವ ಸಾಣೆಹಲಗೆಯನ್ನು ಮಗುಚಿ ತೋರಿಸಿದಾಗ ಎಲಾದಿಯೊ ನಕ್ಕುಬಿಟ್ಟ.

ಹಲಗೆಯ ಒಂದು ಮೈ ಕತ್ತಿಗೆ ಹರಿತ ಕೊಡುವ ಹಸಿರು ಲೇಪವನ್ನು ಮೂವತ್ತು ವರ್ಷ ಕುಡಿದು ಕಪ್ಪಾಗಿತ್ತು. ಇನ್ನೊಂದು ಬರಿ ಮರ. ಮುದುಕಿಯ ಗಂಡ ತೀರಿಕೊಳ್ಳುವವರೆಗೂ ಮಗ್ದಲೇನಾ ನದಿದಂಡೆಯ ಆ ಊರಿನ ಕ್ಷೌರಿಕ. ಬದುಕಿದ್ದವರಿಗೆ ಕಪ್ಪು ಮೈಮೇಲೆ ಕತ್ತಿ ಮಸೆಯುತ್ತಿದ್ದ. ಶವಪೆಟ್ಟಿಗೆಯಲ್ಲಿ ಇಡುವ ಮುಂಚೆ ಹೆಣಕ್ಕೆ ಗಡ್ಡ ತೆಗೆಯುವ ಕತ್ತಿಯನ್ನು ಮಾತ್ರ ಬರಿಮೈಮೇಲೆ ನಾಲ್ಕು ಸಲ ಲೇಪವಿಲ್ಲದೆ ಎಳೆದು ಸುಮ್ಮನಾಗುತ್ತಿದ್ದ.

“ಅದು ಹಸ್ಕೊಂಡೇ ಇರ್ಬೇಕು. ರುಚಿ ಹತ್ತಿದ್ರೆ ಜೀವ ಇರೋರು ಯಾರು, ಇಲ್ದೋರು ಯಾರು ಅಂತ ನೋಡಲ್ಲ.”

“ನಿನ್ ಹಲಗೆಗೆ ಮೀನು ಅನ್ನ ಬಡಿಸ್ತೀನಿ, ಹೋಗಮ್ಮ,” ಎಂದ ಎಲಾದಿಯೊ. ಬರಾಂಕೀಯಾ ಪಟ್ಟಣದ ಕನ್ನಡಿಗೋಡೆಗಳ ಕ್ಷೌರದಂಗಡಿಯಲ್ಲಿ ಹತ್ತು ವರ್ಷ ಪಳಗಿದವನು ಅವನು, ಮುದುಕಿಯ ಮಾತಿಗೆಲ್ಲ ಹೆದರುವ ಆಸಾಮಿಯಲ್ಲ. ಮುದುಕಿಯ ಅಂಗಡಿಗೆ ಕ್ಷೌರಿಕನಾಗಿ ಬಂದು ಒಂದು ವಾರವಾಗಿತ್ತಷ್ಟೆ.

ಕಪ್ಪು ಮೈ ಸವೆದು ನಡುವೆ ತಗ್ಗಾಗಿತ್ತು. ಅದರ ಮೇಲೆ ಎಳೆದರೆ ಕತ್ತಿಯ ಬಾಯಿ ದುಂಡಗಾಗುತ್ತದೆ. ಬರಿಮೈಯೋ ಕನ್ನಡಿಯ ಹಾಗೆ ಸಮ. ಶನಿವಾರ ಇದೇ ಊರಿನ ಹುಡುಗಿಯ ಜತೆ ತಮ್ಮ ನೆಸ್ತೋರನ ಮದುವೆ. ತಾಯಿ ಸತ್ತಮೇಲೆ ಅವನಿಗೆ ಉಣಿಸಿ ಮಲಗಿಸಿ, ಹೋದಲ್ಲೆಲ್ಲ ಜತೆಗಿಟ್ಟುಕೊಂಡು ಬೆಳೆಸಿದವನು ಎಲಾದಿಯೊನೇ. ಆ ಮುಖಕ್ಕೆ ಮೊದಲ ಸಲ ಕತ್ತಿಯಿಟ್ಟವನೂ ಅವನೇ, ಇವತ್ತಿಗೂ ಬೇರೆಯವರು ಮುಟ್ಟಿದ್ದಿಲ್ಲ. ಅವನ ಮದುವೆಯ ದಿನ ಕತ್ತಿ ಸುಮಾರಾಗಿದ್ದರೆ ಹೇಗೆ?

ಶುಕ್ರವಾರ ಮಧ್ಯಾಹ್ನ ಊರೆಲ್ಲ ಕಿಟಕಿ ಮುಚ್ಚಿ ಮಲಗಿತ್ತು. ಎಲಾದಿಯೊ ಬಾಗಿಲು ಹಾಕಿಕೊಂಡು ಬರಿಮೈಮೇಲೆ ಐದು ಕಡೆ ಲೇಪ ಚುಕ್ಕೆಯಿಟ್ಟು ಬಲಗೈ ತೋರುಬೆರಳಿನಿಂದ ತೀಡಿದ. ಕನ್ನಡಿಗೆ ಉಸಿರು ಬಿಟ್ಟಷ್ಟು ತೆಳ್ಳಗಿದ್ದರೆ ಸಾಕು. ಬೆರಳು ತೆಗೆಯುವಷ್ಟರಲ್ಲಿ ಲೇಪವೇ ಇರಲಿಲ್ಲ. ಮರ ಕುಡಿದುಬಿಟ್ಟಿತ್ತು. ಇನ್ನೊಮ್ಮೆ ಹಚ್ಚಿದ, ಅದನ್ನೂ ಕುಡಿಯಿತು. ಮೂರನೆಯದು ತುಸು ನಿಂತಿತು. ಮುಚ್ಚಿದ ಅಂಗಡಿಯ ಕತ್ತಲೆಯಲ್ಲಿ ಕರಗಿದ ಮೇಣದ, ಕರ್ಪೂರದ, ಬಾಡಿದ ಹೂವಿನ ವಾಸನೆ ಎದ್ದಿತು. ಬಿಸಿಲಿಗೆ ಮರ ಒಣಗಿದೆ, ಅಷ್ಟೇ ಎಂದುಕೊಂಡ. ಕತ್ತಿಯ ಬೆನ್ನು ಮುಂದೆ ಮಾಡಿ ಎಳೆದ. ಎಳೆದಾಗ ಬರಬೇಕಾದ ಸರಸರ ಸದ್ದು ಬರಲೇ ಇಲ್ಲ.

ಶನಿವಾರ ಬೆಳಿಗ್ಗೆ ನೆಸ್ತೋರ್ ಕುರ್ಚಿಯಲ್ಲಿ ಕೂತು ಕಾಲು ಚಾಚಿದ. “ಅಣ್ಣಾ, ಕುಯ್ದುಗಿಯ್ದ್ಬಿಟ್ಟೀಯ. ಆಮೇಲೆ ಹುಡ್ಗಿ ನಿನ್ನನ್ನೇ ಕಟ್ಕೋಬೇಕಾಗತ್ತೆ.”

“ಮೂತಿ ಮುಚ್ಚೋ,” ಎಂದು ನಗುತ್ತಲೇ ಎಲಾದಿಯೊ ಹಲಗೆ ನೋಡಿದ. ನಿನ್ನೆಯ ಲೇಪ ಮಾಯ, ಮರ ಮತ್ತೆ ಬೋಳು. ಕೈಯಭ್ಯಾಸದಿಂದ ಉಗುರಿನಷ್ಟು ಲೇಪ ತೀಡಿ, ಕತ್ತಿ ಎಳೆದು, ಕ್ಷೌರ ಮುಗಿಸಿದ. ಒಂದು ಹನಿ ರಕ್ತವೂ ಬರಲಿಲ್ಲ.

ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ನೆಸ್ತೋರ್ ಮತ್ತೆ ಕೂತ. ಚಳಿ ಅಂದ. ಆ ಧಗೆಯಲ್ಲಿ ಚಳಿ! ಕೆನ್ನೆ ಮೇಣದ ಬಣ್ಣಕ್ಕೆ ತಿರುಗಿತು. ದವಡೆ ಜೋತುಬಿತ್ತು. ಕಣ್ಣು ಮಾತ್ರ ಅಣ್ಣನನ್ನೇ ನೋಡುತ್ತಿತ್ತು, ಏನೋ ಕೇಳುವ ಹಾಗೆ.

ಎಲಾದಿಯೊನ ಕೂಗಿಗೆ ಹಿತ್ತಲಮನೆಯಿಂದ ಮುದುಕಿ ಓಡಿ ಬಂದಳು. ಹಲಗೆ ನೋಡಿದಳು, ಬೈಯಲಿಲ್ಲ. ಹೆಣಕ್ಕೆ ಕಟ್ಟುವ ಹಾಗೆ ನೆಸ್ತೋರನ ಗದ್ದಕ್ಕೆ ವಸ್ತ್ರ ಕಟ್ಟಿದಳು, ಇದ್ದ ಉಸಿರು ಹೊರಗೆ ಹೋಗದಿರಲಿ ಎಂದು.

“ಎಷ್ಟು ಸಲ ಹಚ್ದೆ?”

“ಮೂರು.”

“ತಿನ್ನಿಸಿದ ಬೆರಳೇ ಅಷ್ಟೂ ಸಲ ಉಲ್ಟಾ ತೀಡಿ ವಾಪಸ್ ಕೇಳ್ಬೇಕು. ಒಂದೊಂದು ಸಲಕ್ಕೂ ಅದು ನಿನ್ನಿಂದ ಏನಾದ್ರೂ ಕಿತ್ಕೊಳ್ಳತ್ತೆ. ನಡುವೆ ನಿಲ್ಸಿದ್ರೆ ಇವನು ಹೋದ ಅಂತಲೇ.”

ಎಲಾದಿಯೊ ಬೆರಳಿಟ್ಟು ಹಿಮ್ಮುಖವಾಗಿ ತೀಡಿದ. ಮರ ಬೆವರಿತು. ಹಸಿರು ಲೇಪ ಮೇಲೆದ್ದು ಬೆರಳಿಗೆ ಅಂಟಿತು. ಬೆರಳು ತಣ್ಣಗಾಯಿತು. ನೆಸ್ತೋರ್ ಒಮ್ಮೆ ಉಸಿರೆಳೆದ.

ಎರಡನೆಯದು. ಮಣಿಕಟ್ಟಿನವರೆಗೆ ಕೈ ಸತ್ತಿತು. ಕತ್ತಿ ಹಿಡಿಯುವ ಕೈ. ಇರಲಿ. ತೀಡಿದ.

ಮೂರನೆಯದು. ಭುಜದವರೆಗೆ. ತೋಳು ಮರದ ತುಂಡಿನ ಹಾಗೆ ಜೋತುಬಿತ್ತು. ಮೇಣದ ವಾಸನೆ ಅವನ ಚರ್ಮದಿಂದಲೇ ಬರುತ್ತಿತ್ತು. ಆದರೆ ತಮ್ಮನ ಕೆನ್ನೆಗೆ ಕೆಂಪು ಬಂದಿತ್ತು.

“ಅಣ್ಣಾ,” ಎಂದ ನೆಸ್ತೋರ್, ಕಟ್ಟಿದ ವಸ್ತ್ರದೊಳಗಿಂದಲೇ. ಎಲಾದಿಯೊ ಬಿಕ್ಕಿಬಿಕ್ಕಿ ಅತ್ತ. ಒಂದು ತೋಳು ತಾನೆ, ಹೋಗಲಿ ಬಿಡು.

ಇಗರ್ಜಿಯ ಗಂಟೆ ಮದುಮಗನನ್ನು ಕರೆಯಿತು. ನೆಸ್ತೋರ್ ಎದ್ದ. ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಕುಸಿದ. ಕೆನ್ನೆ ಮತ್ತೆ ಹಳದಿ.

“ಮೂರೇ ತಾನೆ?” ಮುದುಕಿ ಎಲಾದಿಯೊನ ಭುಜ ಹಿಡಿದಳು. “ನೆನಪು ಮಾಡ್ಕೋ.”

ಬೆಳಿಗ್ಗೆಯ ಆ ಉಗುರಿನಷ್ಟು ಲೇಪ ನೆನಪಾಯಿತು. ನಾಲ್ಕು. ಭುಜದಿಂದಾಚೆಗೆ ಎದೆ, ಎದೆಯೊಳಗೆ ಜೀವ.

ಎಡಗೈ ಬೆರಳಿಟ್ಟು ನೋಡಿದ. ಮರ ಅಲುಗಲಿಲ್ಲ. ಅದಕ್ಕೆ ತಿನ್ನಿಸಿದ ಬೆರಳೇ ಬೇಕು.

ಗಂಟೆ ಮತ್ತೆ ಹೊಡೆಯಿತು. ಎಲಾದಿಯೊ ಎಡಗೈಯಿಂದ ಸತ್ತ ಬಲಗೈಯನ್ನು ಎತ್ತಿ, ತೋರುಬೆರಳನ್ನು ಹಲಗೆಯ ಮೇಲಿಟ್ಟ. “ಎದ್ದ ತಕ್ಷಣ ಅವನನ್ನ ಇಗರ್ಜಿಗೆ ಕಳ್ಸು, ಹೇಳ್ಬೇಡಮ್ಮ. ಅಂಗಡಿಗೆ ಗಿರಾಕಿ ಬಂದ್ರು, ಆಮೇಲೆ ಬರ್ತಾನೆ ಅನ್ನು.”

ದೋನ್ಯಾ ಪ್ರಿಮಿತಿವಾ ನೆಸ್ತೋರನ ಗದ್ದದ ವಸ್ತ್ರ ಬಿಚ್ಚಿ, ಮಡಿಸಿ, ಎಲಾದಿಯೊನ ಗದ್ದಕ್ಕೆ ಕಟ್ಟಲು ಹಿಡಿದುಕೊಂಡು ಅವನ ಪಕ್ಕದಲ್ಲಿ ಬಂದು ನಿಂತಳು.